ಮೋಸವೋ, ಮುಗ್ಗರಿಸಿದ್ದೋ? ಆಟಗಾರರ ನಶೆ ಮತ್ತು ಶಿಕ್ಷೆಯ ಕಥೆ



2025ರ ಏಪ್ರಿಲ್ 2ರ ರಾತ್ರಿಯನ್ನು ನಮ್ಮ ಆರ್‌ಸಿಬಿ ಅಭಿಮಾನಿಗಳು ಮರೆತಿರಲಿಕ್ಕಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗುಜರಾತ್ ಟೈಟನ್ಸ್ ಎದುರು 8 ವಿಕೆಟ್ ಸೋಲು. ಅಷ್ಟು ವರ್ಷ ನಮ್ಮ ತಂಡಕ್ಕೇ ಆಡಿದ್ದ ಸಿರಾಜ್ 19 ರನ್ನಿಗೆ 3 ವಿಕೆಟ್ ಕಿತ್ತು ನಮ್ಮ ಹೊಟ್ಟೆ ಉರಿಸಿದ ರಾತ್ರಿ ಅದು. ಆ ಬೇಸರದಲ್ಲಿ ಇನ್ನೊಂದು ವಿಷಯ ನಮ್ಮ ಗಮನಕ್ಕೆ ಬರಲಿಲ್ಲ. ಗುಜರಾತ್ ತಂಡದ ವೇಗಿ ಕಗಿಸೊ ರಬಾಡ ಆ ದಿನ ಮೈದಾನಕ್ಕೆ ಇಳಿದಿರಲಿಲ್ಲ. ‘ವೈಯಕ್ತಿಕ ಕಾರಣ’ ಎಂದಷ್ಟೇ ಹೇಳಿದ್ದರು. ಆಮೇಲೆ ಅವರು ದಕ್ಷಿಣ ಆಫ್ರಿಕಕ್ಕೆ ಮರಳಿದರು ಎಂಬ ಸುದ್ದಿ ಬಂತು.

ಆ ವೈಯಕ್ತಿಕ ಕಾರಣ ಏನೆಂದು ತಿಳಿದದ್ದು ಮೇ 3ಕ್ಕೆ. ಜನವರಿಯಲ್ಲಿ ಅವರ ದೇಶದ ಟಿ20 ಲೀಗಿನ ಪಂದ್ಯವೊಂದರ ಹೊತ್ತಿಗೆ ತೆಗೆದ ಮಾದರಿಯಲ್ಲಿ ಮಾದಕ ವಸ್ತುವಿನ ಅಂಶ ಸಿಕ್ಕಿತ್ತು. ಆಟ ಸುಧಾರಿಸುವ ಮದ್ದಲ್ಲ, ಖುಷಿಗೆಂದು ಜನ ತೆಗೆದುಕೊಳ್ಳುವ ನಶೆಯ ವಸ್ತು ಎಂದು ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಒಂದು ತಿಂಗಳು ಅಮಾನತು, ಜೊತೆಗೆ ನಶೆಯ ಬಗ್ಗೆ ಚಿಕಿತ್ಸಾ ಕಾರ್ಯಕ್ರಮ. ಅಷ್ಟು ಮುಗಿಸಿ ಅವರು ಮತ್ತೆ ಆಟಕ್ಕೆ ಬಂದರು.

ನಮ್ಮ ಯುವಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂದು ದೊಡ್ಡ ಚರ್ಚೆ. ‘ಒಂದೇ ತಿಂಗಳಾ? ಇದೆಂಥ ಶಿಕ್ಷೆ? ದೊಡ್ಡವರಿಗೊಂದು ನ್ಯಾಯ, ನಮ್ಮಂಥವರಿಗೊಂದು ನ್ಯಾಯ’ ಎಂದು ಹೆಚ್ಚಿನವರು ಬರೆದರು. ಅವರು ಹಾಗೆ ಬರೆಯಲಿಕ್ಕೂ ಕಾರಣ ಇತ್ತು. ಕೆಲವು ವಾರಗಳ ಹಿಂದೆ ನಮ್ಮ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟದ ದಿನ ಒಬ್ಬ ಹುಡುಗನ ಜೇಬಿನಲ್ಲಿ ಗಾಂಜಾದ ಸಣ್ಣ ಪೊಟ್ಟಣ ಸಿಕ್ಕಿತ್ತು. ಅವನನ್ನು ಏನು ಮಾಡಬೇಕೆಂದು ಸಮಿತಿ ಕೂತಿತ್ತು. ‘ಇನ್ನು ಮುಂದೆ ಅವನನ್ನು ಗ್ರೌಂಡಿಗೆ ಕಾಲಿಡಲಿಕ್ಕೆ ಬಿಡಬಾರದು’ ಎಂದು ಒಬ್ಬರು ಹಿರಿಯರು ಹೇಳಿದರು. ‘ಹುಡುಗು ಬುದ್ಧಿ, ಬಿಟ್ಟುಬಿಡಿ’ ಎಂದರು ಇನ್ನೊಬ್ಬರು. ಎರಡೂ ಮಾತು ನನಗೆ ಸರಿ ಕಾಣಲಿಲ್ಲ. ಆದರೆ ಸರಿ ಯಾವುದು ಎಂದು ಹೇಳಲಿಕ್ಕೂ ಆಗಲಿಲ್ಲ. ತೀರ್ಮಾನ ಮುಂದೆ ಹೋಯಿತು.

ಅದಕ್ಕೇ ನಾನು ಈ ನಿಯಮದ ಚರಿತ್ರೆಯನ್ನು ಓದಲು ಕೂತೆ. ಒಂದು ಕಾಲದಲ್ಲಿ ಇಂಥ ತಪ್ಪಿಗೆ ಎರಡು ವರ್ಷ ನಿಷೇಧ ಇತ್ತು. ಅದು ಒಂದು ತಿಂಗಳಿಗೆ ಇಳಿದದ್ದು ಹೇಗೆ? ಯಾರೋ ಮೃದುವಾದರೆಂದು ಇಳಿಯಿತೇ, ಅಥವಾ ಏನನ್ನಾದರೂ ಕಲಿತದ್ದರಿಂದ ಇಳಿಯಿತೇ? ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಿಯಮ ಇಲ್ಲದ ಕಾಲ

1986ರಲ್ಲಿ ಇಂಗ್ಲೆಂಡಿನ ಆಲ್‌ರೌಂಡರ್ ಇಯಾನ್ ಬೋಥಮ್ ತಾನು ಗಾಂಜಾ ಸೇದಿದ್ದುಂಟು ಎಂದು ಪತ್ರಿಕೆಯೊಂದರಲ್ಲಿ ಒಪ್ಪಿಕೊಂಡರು. ಅಲ್ಲಿ ಮೂತ್ರದ ಪರೀಕ್ಷೆ ಇರಲಿಲ್ಲ, ಪ್ರಯೋಗಾಲಯದ ವರದಿಯೂ ಇರಲಿಲ್ಲ. ಅವರ ಮಾತೇ ಸಾಕ್ಷಿ. ಆಟದ ಹೆಸರು ಕೆಡಿಸಿದರು ಎಂದು ಅಲ್ಲಿನ ಕ್ರಿಕೆಟ್ ಮಂಡಳಿ ಸುಮಾರು ಎರಡು ತಿಂಗಳು ಅವರನ್ನು ಹೊರಗಿಟ್ಟಿತು. ಆಗಸ್ಟಿನಲ್ಲಿ ಓವಲ್ ಮೈದಾನಕ್ಕೆ ಮರಳಿದ ಬೋಥಮ್ ನ್ಯೂಜಿಲೆಂಡ್ ವಿರುದ್ಧ ಮೊದಲ ಎಸೆತದಲ್ಲೇ ವಿಕೆಟ್ ಪಡೆದು ಡೆನಿಸ್ ಲಿಲ್ಲಿಯ 355 ವಿಕೆಟುಗಳ ದಾಖಲೆ ಸರಿಗಟ್ಟಿದರು, ಸ್ವಲ್ಪ ಹೊತ್ತಿನಲ್ಲೇ ಅದನ್ನು ದಾಟಿದರು. ಜನ ಚಪ್ಪಾಳೆ ತಟ್ಟಿದರು, ವಿಷಯ ಅಲ್ಲಿಗೆ ಮುಗಿಯಿತು.

ಎಲ್ಲರ ಕಥೆಯೂ ಹೀಗೆ ಸುಖವಾಗಿ ಮುಗಿಯಲಿಲ್ಲ. ಡಿಯೆಗೊ ಮರಡೋನಾ ಇಟಲಿಯ ನೇಪಲ್ಸ್ ನಗರದ ನಾಪೋಲಿ ಕ್ಲಬ್ಬಿಗೆ 1987 ಮತ್ತು 1990ರಲ್ಲಿ ಲೀಗ್ ಪ್ರಶಸ್ತಿ ತಂದುಕೊಟ್ಟವರು. ಆ ಊರಿನ ಗೋಡೆ ಗೋಡೆಯ ಮೇಲೆ ಅವರ ಚಿತ್ರವಿತ್ತು. 1991ರ ಮಾರ್ಚ್ 17ರಂದು ಬಾರಿ ತಂಡದ ವಿರುದ್ಧದ ಪಂದ್ಯ ಮುಗಿದ ಮೇಲೆ ತೆಗೆದ ಮಾದರಿಯಲ್ಲಿ ಕೊಕೇನ್ ಪತ್ತೆಯಾಯಿತು. 15 ತಿಂಗಳ ನಿಷೇಧ. ನಾಪೋಲಿಗೆ ಅವರು ಮತ್ತೆ ಆಡಲೇ ಇಲ್ಲ.

15 ತಿಂಗಳು ಮುಗಿಯಿತು, ಚಟ ಮುಗಿಯಲಿಲ್ಲ. 1994ರ ವಿಶ್ವಕಪ್ಪಿನಲ್ಲಿ ಎಫೆಡ್ರಿನ್ ಎಂಬ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಮತ್ತೆ ಸಿಕ್ಕಿಬಿದ್ದರು. ಮತ್ತೆ 15 ತಿಂಗಳು. 2000ದಲ್ಲಿ ಸಾಯುವ ಸ್ಥಿತಿಗೆ ಹೋಗಿ ಬದುಕಿ, ಚಿಕಿತ್ಸೆಗೆಂದು ಕ್ಯೂಬಾಕ್ಕೆ ಹೋದರು. ಕೊಕೇನ್ ತನ್ನ ಬದುಕನ್ನು ತಿಂದಿತು ಎಂಬುದನ್ನು ಅವರೇ ಆಮೇಲೆ ಹಲವು ಸಲ ಹೇಳಿಕೊಂಡಿದ್ದಾರೆ. 1991ರಲ್ಲಿ ಇಟಲಿಯ ಫುಟ್‌ಬಾಲ್ ಕೊಟ್ಟ ಶಿಕ್ಷೆಯನ್ನು ಇಂದು ನೆನೆದರೆ ಒಂದು ಪ್ರಶ್ನೆ ಏಳುತ್ತದೆ. ಚಟ ಹತ್ತಿದ ಒಬ್ಬ ಮನುಷ್ಯನಿಗೆ ಬದುಕಿನಲ್ಲಿ ಆಸರೆಯಾಗಿದ್ದದ್ದು ಆಟ ಒಂದೇ. ಆ ಆಸರೆಯನ್ನೇ ಕಿತ್ತುಕೊಂಡು, ಹೋಗಿ ಸುಧಾರಿಸಿಕೊಂಡು ಬಾ ಎಂದರೆ ಅವನು ಎಲ್ಲಿಗೆ ಹೋಗಬೇಕು?

ನಾಗಾನೋದ ಚಿನ್ನ

ಈ ಕಥೆಯಲ್ಲಿ ನಿಜವಾದ ತಿರುವು ಬಂದದ್ದು 1998ರಲ್ಲಿ, ಜಪಾನಿನ ನಾಗಾನೋ ಚಳಿಗಾಲದ ಒಲಿಂಪಿಕ್ಸಿನಲ್ಲಿ. ಹಿಮದ ಮೇಲೆ ಹಲಗೆ ಕಟ್ಟಿಕೊಂಡು ಜಾರುವ ಸ್ನೋಬೋರ್ಡಿಂಗ್ ಆಟ ಒಲಿಂಪಿಕ್ಸಿಗೆ ಸೇರಿದ್ದು ಅದೇ ಮೊದಲು. ಫೆಬ್ರವರಿ 8ರಂದು ಅದರ ಮೊಟ್ಟಮೊದಲ ಚಿನ್ನ ಗೆದ್ದವರು ಕೆನಡಾದ ರಾಸ್ ರೆಬಾಗ್ಲಿಯಾಟಿ. ಎರಡನೆಯವರಿಗಿಂತ ಕೇವಲ 0.02 ಸೆಕೆಂಡ್ ಮುಂದೆ.

ಮೂರೇ ದಿನದಲ್ಲಿ ಆ ಚಿನ್ನಕ್ಕೆ ಕುತ್ತು ಬಂತು. ಅವರ ಮೂತ್ರದಲ್ಲಿ ಗಾಂಜಾದ ಅಂಶ ಮಿಲಿಲೀಟರಿಗೆ 17.8 ನ್ಯಾನೋಗ್ರಾಂ ಇತ್ತು. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ಮಿತಿ 15. ಒಂದು ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ನಾನು ಸೇದಿಲ್ಲ, ಗೆಳೆಯರ ಕೂಟದಲ್ಲಿ ಅವರು ಬಿಟ್ಟ ಹೊಗೆ ಒಳಹೋಗಿದೆ ಎಂದು ರೆಬಾಗ್ಲಿಯಾಟಿ ವಾದಿಸಿದರು. ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ ಮತಕ್ಕೆ ಹಾಕಿತು. 3–2ರಿಂದ ಪದಕ ಕಿತ್ತುಕೊಳ್ಳುವ ತೀರ್ಮಾನವಾಯಿತು. ಜಪಾನಿನ ಪೊಲೀಸರೂ ಅವರನ್ನು ವಿಚಾರಿಸಿದರು.

ಕೆನಡಾದವರು ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿದರು. ಕ್ರೀಡೆಯ ವ್ಯಾಜ್ಯಗಳನ್ನು ತೀರಿಸುವ ಈ ನ್ಯಾಯಾಲಯದ ಪೀಠವೊಂದು ಒಲಿಂಪಿಕ್ಸ್ ನಡೆಯುವ ಊರಲ್ಲೇ ಬೀಡು ಬಿಟ್ಟಿರುತ್ತದೆ. ಅದು ನಿಯಮ ಪುಸ್ತಕ ತೆಗೆದು ನೋಡಿತು. ಒಲಿಂಪಿಕ್ ಸಮಿತಿಯ ನಿಯಮದ ಪ್ರಕಾರ ಗಾಂಜಾದ ಪರೀಕ್ಷೆಗೆ ಆಯಾ ಆಟದ ಒಕ್ಕೂಟದೊಂದಿಗೆ ಒಪ್ಪಂದ ಆಗಿರಬೇಕು. ಸ್ಕೀ ಒಕ್ಕೂಟದೊಂದಿಗೆ ಅಂಥ ಒಪ್ಪಂದ ಆಗಿರಲೇ ಇಲ್ಲ! ಗಾಂಜಾ ಸೇವನೆ ಸಮಾಜಕ್ಕೆ ಗಂಭೀರ ಚಿಂತೆಯ ವಿಷಯವೇ ಹೌದು, ಆದರೆ ನಾವು ಕ್ರಿಮಿನಲ್ ಕೋರ್ಟು ಅಲ್ಲ, ಕ್ರೀಡೆಯ ನಿಯಮದಲ್ಲಿ ಇಲ್ಲದ ಶಿಕ್ಷೆಯನ್ನು ಕೊಡಲಾಗದು ಎಂಬ ಅರ್ಥದಲ್ಲಿ ತೀರ್ಪು ಬಂತು. ಫೆಬ್ರವರಿ 12ಕ್ಕೆ ಚಿನ್ನ ರೆಬಾಗ್ಲಿಯಾಟಿಯ ಬಳಿಯೇ ಉಳಿಯಿತು.

ಈ ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಇಷ್ಟು. ತಪ್ಪನ್ನು ಅದು ತಪ್ಪಲ್ಲ ಎನ್ನಲಿಲ್ಲ. ಆದರೆ ಸಿಟ್ಟಿನಲ್ಲಿ ಶಿಕ್ಷೆ ಕೊಡುವುದಕ್ಕೂ ನಿಯಮದ ಪ್ರಕಾರ ಶಿಕ್ಷೆ ಕೊಡುವುದಕ್ಕೂ ವ್ಯತ್ಯಾಸ ಇದೆ ಎಂದು ನೆನಪಿಸಿತು.

ಮೂರರಲ್ಲಿ ಎರಡು

ನಿಯಮ ಇಲ್ಲದಿದ್ದರೆ ನಿಯಮ ಮಾಡಬೇಕು. ಅದೇ 1998ರ ಬೇಸಗೆಯಲ್ಲಿ ಫ್ರಾನ್ಸಿನ ಸೈಕಲ್ ಸ್ಪರ್ಧೆ ಟೂರ್ ಡಿ ಫ್ರಾನ್ಸ್‌ನಲ್ಲಿ ಫೆಸ್ಟಿನಾ ತಂಡದ ಕಾರಿನ ತುಂಬ ಉದ್ದೀಪನ ಮದ್ದು ಸಿಕ್ಕಿ ದೊಡ್ಡ ಹಗರಣವಾಯಿತು. ಒಂದೊಂದು ಆಟಕ್ಕೆ ಒಂದೊಂದು ಕಾನೂನು ಇದ್ದರೆ ಆಗದು ಎಂದು 1999ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಹುಟ್ಟಿತು. 2003ರಲ್ಲಿ ಕೋಪನ್‌ಹೇಗನ್‌ನಲ್ಲಿ ಅದರ ಸಂಹಿತೆ ಒಪ್ಪಿಗೆಯಾಯಿತು, 2004ರ ಜನವರಿ 1ರಿಂದ ಜಾರಿಗೆ ಬಂತು. ನಮ್ಮ ದೇಶದ ನಾಡಾ ಸಂಸ್ಥೆ 2005ರಲ್ಲಿ ಆರಂಭವಾದದ್ದೂ ಇದೇ ಸಂಹಿತೆಯನ್ನು ಇಲ್ಲಿ ನಡೆಸಲಿಕ್ಕೆ.

ಯಾವ ವಸ್ತುವನ್ನು ನಿಷೇಧಿಸಬೇಕು ಎಂಬುದಕ್ಕೆ ವಾಡಾ ಮೂರು ಅಳತೆ ಇಟ್ಟುಕೊಂಡಿದೆ. ಒಂದು, ಅದು ಆಟಗಾರನ ಸಾಮರ್ಥ್ಯ ಹೆಚ್ಚಿಸಬಲ್ಲದೇ? ಎರಡು, ಆರೋಗ್ಯಕ್ಕೆ ಅಪಾಯವೇ? ಮೂರು, ಕ್ರೀಡೆಯ ಆಶಯಕ್ಕೆ ವಿರುದ್ಧವೇ? ಮೂರರಲ್ಲಿ ಎರಡು ಹೌದಾದರೆ ಸಾಕು, ಪಟ್ಟಿಗೆ ಸೇರಿಸಬಹುದು. ಹಾಗಾಗಿ ಸಾಮರ್ಥ್ಯ ಹೆಚ್ಚಿಸದ ವಸ್ತುವೂ ಪಟ್ಟಿಯೊಳಗೆ ಬರಬಹುದು. ಗಾಂಜಾ ಸೇದಿದವನು ಜೋರಾಗಿ ಓಡುತ್ತಾನೆಯೇ ಎಂದು ನಗುವವರಿಗೆ ಉತ್ತರ ಇಲ್ಲಿದೆ.

ಆದರೆ ಗಾಂಜಾ, ಕೊಕೇನ್ ಮೊದಲಾದವು ಸ್ಪರ್ಧೆಯ ಹೊತ್ತಿಗೆ ಮಾತ್ರ ನಿಷಿದ್ಧ. ಇಂದಿನ ಸಂಹಿತೆಯಲ್ಲಿ ಸ್ಪರ್ಧೆಯ ಹೊತ್ತು ಎಂದರೆ ಸಾಮಾನ್ಯವಾಗಿ ಸ್ಪರ್ಧೆಯ ಹಿಂದಿನ ರಾತ್ರಿ 11.59ರಿಂದ ಸ್ಪರ್ಧೆ ಮುಗಿದು ಮಾದರಿ ತೆಗೆಯುವವರೆಗೆ. ಉಳಿದ ದಿನಗಳಲ್ಲಿ ಆಟಗಾರ ಏನು ಮಾಡುತ್ತಾನೆ ಎಂಬುದು ಅವನ ದೇಶದ ಕಾನೂನಿಗೆ ಬಿಟ್ಟ ವಿಷಯ.

ಇಲ್ಲೊಂದು ತೊಡಕು ಇದೆ. ಬಿಎಸ್ಸಿ ಓದಿದವನಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಂಜಾದ ನಶೆಯ ಅಂಶ ಟಿಎಚ್‌ಸಿ. ಅದು ನೀರಿನಲ್ಲಿ ಕರಗುವಂಥದ್ದಲ್ಲ, ಕೊಬ್ಬಿನಲ್ಲಿ ಕರಗುವಂಥದ್ದು. ಹಾಗಾಗಿ ದೇಹದ ಕೊಬ್ಬಿನಲ್ಲಿ ಕೂತು, ಸ್ವಲ್ಪಸ್ವಲ್ಪವೇ ರಕ್ತಕ್ಕೆ ಇಳಿಯುತ್ತದೆ. ನಶೆ ಕೆಲವು ಗಂಟೆಗಳಲ್ಲಿ ಇಳಿದರೂ, ದಿನವೂ ಸೇದುವವನ ಮೂತ್ರದಲ್ಲಿ ಅದರ ಗುರುತು ವಾರಗಟ್ಟಲೆ ಉಳಿಯಬಹುದು. ಕೊಕೇನ್ ಬೇಗ ಒಡೆದುಹೋದರೂ ಅದರಿಂದ ಆಗುವ ಬೆಂಜೋಯ್ಲೆಕ್ಗೋನಿನ್ ಎಂಬ ಅಂಶ ಕೆಲವು ದಿನ ಸಿಗುತ್ತದೆ. ಅಂದರೆ ಶನಿವಾರ ಪಂದ್ಯದ ದಿನ ತೆಗೆದ ಮಾದರಿ ‘ಇದೆ’ ಎಂದು ಹೇಳುತ್ತದೆ, ‘ಯಾವಾಗ ತೆಗೆದುಕೊಂಡದ್ದು’ ಎಂದು ಹೇಳುವುದಿಲ್ಲ. ಕಾಗದದ ಮೇಲೆ ಸ್ಪರ್ಧೆಯ ದಿನಕ್ಕೆ ಮಾತ್ರ ಇದ್ದ ನಿಷೇಧ ನಿಜದಲ್ಲಿ ಹಿಂದಿನ ವಾರಗಳಿಗೂ ಚಾಚಿಕೊಂಡಿತು.

ಇದನ್ನು ಅರಿತೇ 2013ರಲ್ಲಿ ವಾಡಾ ಗಾಂಜಾದ ಮಿತಿಯನ್ನು 15ರಿಂದ 150 ನ್ಯಾನೋಗ್ರಾಮಿಗೆ ಏರಿಸಿತು. ಸ್ಪರ್ಧೆಯ ಹೊತ್ತಿನಲ್ಲಿ ಸೇದಿದವನು ಸಿಗಲಿ, ಹಿಂದೆಂದೋ ಸೇದಿದವನು ಬಲೆಗೆ ಬೀಳದಿರಲಿ ಎಂಬ ಲೆಕ್ಕ. ಆ ಮಿತಿ 1998ರಲ್ಲೇ ಇದ್ದಿದ್ದರೆ 17.8ಕ್ಕೆ ಯಾರೂ ಪದಕಕ್ಕೆ ಕೈಹಾಕುತ್ತಿರಲಿಲ್ಲ.

ಎರಡು ವರ್ಷ, ಸೊನ್ನೆ, ಮೂರು ತಿಂಗಳು

ನಿಯಮ ಒಂದಾದ ಮೇಲಾದರೂ ಶಿಕ್ಷೆ ಒಂದೇ ತೆರ ಆಯಿತೇ? ಎರಡೇ ವರ್ಷಗಳ ಅಂತರದಲ್ಲಿ ನಡೆದ ಮೂರು ಪ್ರಕರಣಗಳನ್ನು ನೋಡಿ.

2007ರ ವಿಂಬಲ್ಡನ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಮೂರನೆಯ ಸುತ್ತಿನಲ್ಲಿ ಸೋತರು. ಆಮೇಲೆ ಕೊಟ್ಟ ಮಾದರಿಯಲ್ಲಿ ಕೊಕೇನಿನ ಗುರುತು ತೀರಾ ಸಣ್ಣ ಪ್ರಮಾಣದಲ್ಲಿ ಸಿಕ್ಕಿತು. ನಾನು ಎಂದೂ ತೆಗೆದುಕೊಂಡವಳಲ್ಲ ಎಂದು ಹೇಳುತ್ತಲೇ ಅವರು 27ನೆಯ ವಯಸ್ಸಿಗೆ ನಿವೃತ್ತರಾದರು. ನ್ಯಾಯಮಂಡಳಿ ಎರಡು ವರ್ಷ ನಿಷೇಧಿಸಿತು. ಅದು ದೇಹಕ್ಕೆ ಹೇಗೆ ಬಂತು ಎಂದು ಆಟಗಾರರೇ ತೋರಿಸಿಕೊಡಬೇಕು, ತೋರಿಸಲಾಗದಿದ್ದರೆ ಎರಡು ವರ್ಷ. ಅದೇ ಆಗಿನ ನಿಯಮ. ಇದೇ ಹಿಂಗಿಸ್ 2013ರಲ್ಲಿ ಆಟಕ್ಕೆ ಮರಳಿ, 2015ರಲ್ಲಿ ನಮ್ಮ ಸಾನಿಯಾ ಮಿರ್ಜಾ ಜೊತೆ ಅದೇ ವಿಂಬಲ್ಡನ್‌ನಲ್ಲಿ ಡಬಲ್ಸ್ ಪ್ರಶಸ್ತಿ ಗೆದ್ದದ್ದು ನಿಮಗೆ ನೆನಪಿರಬಹುದು.

2009ರ ಮಾರ್ಚಿನಲ್ಲಿ ಫ್ರಾನ್ಸಿನ ಟೆನಿಸ್ ಆಟಗಾರ ರಿಚರ್ಡ್ ಗಾಸ್ಕೆ ಮಯಾಮಿಯಲ್ಲಿ ಕೊಕೇನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಹಿಂದಿನ ರಾತ್ರಿ ಕ್ಲಬ್ಬಿನಲ್ಲಿ ಕೊಕೇನ್ ತೆಗೆದುಕೊಂಡಿದ್ದ ಯುವತಿಯೊಬ್ಬಳನ್ನು ಚುಂಬಿಸಿದ್ದರಿಂದ ಅದು ತನಗೆ ಬಂತು ಎಂದರು. ಕೇಳಿದವರು ನಕ್ಕರು. ಆದರೆ ಸಿಕ್ಕ ಪ್ರಮಾಣ ಅಷ್ಟು ಕಡಿಮೆ ಇದ್ದು, ಆ ವಿವರಣೆಯೇ ಹೆಚ್ಚು ಸಂಭವನೀಯ ಎಂದು ಮಂಡಳಿ ನಂಬಿತು. ಡಿಸೆಂಬರಿನಲ್ಲಿ ಮಧ್ಯಸ್ಥಿಕೆ ನ್ಯಾಯಾಲಯವೂ ಅವರ ತಪ್ಪಿಲ್ಲ ಎಂದಿತು. ನಿಷೇಧ ಇಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ 8 ಚಿನ್ನ ಗೆದ್ದಿದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಗಾಂಜಾ ಸೇದುವ ಕೊಳವೆ ಬಾಯಿಗಿಟ್ಟುಕೊಂಡ ಫೋಟೋ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬಂತು. ಫೋಟೋ ತೆಗೆದದ್ದು ಸ್ಪರ್ಧೆ ಇಲ್ಲದ ದಿನಗಳಲ್ಲಿ. ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಉದ್ದೀಪನ ಮದ್ದಿನ ನಿಯಮಕ್ಕೆ ಇದರಲ್ಲಿ ಕೆಲಸವೇ ಇರಲಿಲ್ಲ. ಅಮೆರಿಕದ ಈಜು ಒಕ್ಕೂಟ ಮಕ್ಕಳ ಮುಂದೆ ಮಾದರಿಯಾಗಬೇಕಾದವರು ಎಂಬ ಕಾರಣಕ್ಕೆ ಮೂರು ತಿಂಗಳು ಹೊರಗಿಟ್ಟಿತು.

ಒಬ್ಬರು ಕೊನೆಯವರೆಗೂ ಅಲ್ಲಗಳೆದರು, ಒಬ್ಬರು ಕಾರಣ ತೋರಿಸಿದರು, ಒಬ್ಬರು ಫೋಟೋಕ್ಕೆ ತಲೆಬಾಗಿದರು. ಶಿಕ್ಷೆ ಎರಡು ವರ್ಷ, ಸೊನ್ನೆ, ಮೂರು ತಿಂಗಳು. ತಪ್ಪಿನ ತೂಕಕ್ಕಿಂತ ಪರೀಕ್ಷೆಯ ದಿನಾಂಕ ಮತ್ತು ಪುರಾವೆಯ ಅದೃಷ್ಟವೇ ಹೆಚ್ಚು ತೂಗಿದಂತೆ ಕಾಣುವುದಿಲ್ಲವೇ?

ಎದುರಾಳಿ ನಾಯಕರ ಪತ್ರ

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪೆರು ದೇಶದ ಫುಟ್‌ಬಾಲ್ ನಾಯಕ ಪಾವ್ಲೊ ಗೆರೆರೊ ಅವರ ಕಥೆ. ಪೆರು 36 ವರ್ಷಗಳ ಬಳಿಕ ವಿಶ್ವಕಪ್ಪಿಗೆ ಅರ್ಹತೆ ಪಡೆಯುವ ಹಾದಿಯಲ್ಲಿತ್ತು. 2017ರ ಅಕ್ಟೋಬರಿನಲ್ಲಿ ಅರ್ಜೆಂಟೀನಾ ವಿರುದ್ಧದ ಪಂದ್ಯದ ಬಳಿಕ ಗೆರೆರೊ ಮಾದರಿಯಲ್ಲಿ ಕೊಕೇನಿನ ಅದೇ ಗುರುತು, ಬೆಂಜೋಯ್ಲೆಕ್ಗೋನಿನ್, ಸಿಕ್ಕಿತು.

ಆಂಡಿಸ್ ಪರ್ವತದ ನಾಡಿನಲ್ಲಿ ಕೋಕಾ ಎಲೆಯ ಚಹಾ ಕುಡಿಯುವುದು ನಮ್ಮಲ್ಲಿ ಎಲೆ ಅಡಿಕೆ ಹಾಕಿದಷ್ಟು ಸಾಮಾನ್ಯ. ಕೊಕೇನ್ ತಯಾರಾಗುವುದೂ ಅದೇ ಎಲೆಯಿಂದ. ತಾನು ಕುಡಿದ ಚಹಾಕ್ಕೆ ಅದು ತಾಗಿತ್ತು ಎಂಬುದು ಗೆರೆರೊ ವಾದ. ಪರ್ವತದ ಮೇಲೆ ಸಿಕ್ಕ ಸುಮಾರು 500 ವರ್ಷ ಹಳೆಯ ಇಂಕಾ ಮಕ್ಕಳ ಶವಗಳ ಕೂದಲಲ್ಲೂ ಇದೇ ಗುರುತು ಇದೆ ಎಂಬ ಸಂಶೋಧನೆಯನ್ನು ಅವರ ಪರ ಮುಂದಿಟ್ಟರು. ಕೋಕಾ ಎಲೆಯಿಂದಲೂ ಈ ಗುರುತು ಬರುತ್ತದೆ ಎಂದು ತೋರಿಸಲಿಕ್ಕೆ.

ಫಿಫಾ ಮೊದಲು ಒಂದು ವರ್ಷ ನಿಷೇಧಿಸಿತು, ಮೇಲ್ಮನವಿಯಲ್ಲಿ ಆರು ತಿಂಗಳಿಗೆ ಇಳಿಸಿತು. ವಾಡಾ ಒಪ್ಪಲಿಲ್ಲ. 2018ರ ಮೇ ತಿಂಗಳಲ್ಲಿ ಮಧ್ಯಸ್ಥಿಕೆ ನ್ಯಾಯಾಲಯ ಅದನ್ನು 14 ತಿಂಗಳಿಗೆ ಏರಿಸಿತು. ಗೆರೆರೊ ಸಾಮರ್ಥ್ಯ ಹೆಚ್ಚಿಸಿಕೊಳ್ಳಲು ಯತ್ನಿಸಿರಲಿಲ್ಲ ಎಂದು ನ್ಯಾಯಾಲಯವೂ ಒಪ್ಪಿತ್ತು. ಆದರೂ ಸಂಹಿತೆ ಅಂಥವರಿಗೆ ಒಂದರಿಂದ ಎರಡು ವರ್ಷ ಎಂದಿತ್ತು. 34 ವರ್ಷದ ಆಟಗಾರ, ವಿಶ್ವಕಪ್ಪಿಗೆ ಒಂದು ತಿಂಗಳು. ಇನ್ನೊಂದು ವಿಶ್ವಕಪ್ಪಿಗೆ ಕಾಯುವ ವಯಸ್ಸಲ್ಲ.

ಆಗ ಒಂದು ಪತ್ರ ಬಂತು. ಪೆರು ಇದ್ದ ಗುಂಪಿನ ಉಳಿದ ಮೂರು ತಂಡಗಳ, ಅಂದರೆ ಫ್ರಾನ್ಸ್, ಡೆನ್ಮಾರ್ಕ್, ಆಸ್ಟ್ರೇಲಿಯಾಗಳ ನಾಯಕರು ಒಟ್ಟಾಗಿ ಫಿಫಾಕ್ಕೆ ಬರೆದು, ವಿಶ್ವಕಪ್ ಮುಗಿಯುವ ತನಕ ಗೆರೆರೊಗೆ ಆಡಲು ಬಿಡಿ ಎಂದು ಬೇಡಿಕೊಂಡರು. ಅವನು ಬಾರದಿದ್ದರೆ ಲಾಭ ಅವರಿಗೇ! ಉದ್ದೀಪನ ಮದ್ದಿನ ನಿಯಮ ಇರುವುದೇ ಎದುರಾಳಿಗೆ ಅನ್ಯಾಯ ಆಗದಿರಲಿ ಎಂದು. ಅಂಥ ಎದುರಾಳಿಗಳೇ ನಮಗೆ ಅನ್ಯಾಯ ಆಗಿಲ್ಲ ಎಂದು ಬಂದು ಹೇಳಿದರು. ಸ್ವಿಟ್ಜರ್ಲೆಂಡಿನ ಅತ್ಯುನ್ನತ ನ್ಯಾಯಾಲಯ ಶಿಕ್ಷೆಗೆ ತಾತ್ಕಾಲಿಕ ತಡೆ ಕೊಟ್ಟಿತು. ಗೆರೆರೊ ರಷ್ಯಾಕ್ಕೆ ಹೋದರು, ಆಸ್ಟ್ರೇಲಿಯಾ ವಿರುದ್ಧ ಗೋಲು ಹೊಡೆದರು. ಆಮೇಲೆ ಮರಳಿ ಬಂದು ಉಳಿದ ಶಿಕ್ಷೆಯನ್ನೂ ಪೂರೈಸಿದರು.

2021: ಎರಡು ದಾರಿ ಬೇರೆಯಾದದ್ದು

ಇಂಥ ಪ್ರಕರಣಗಳು ರಾಶಿ ಬಿದ್ದ ಮೇಲೆ 2021ರ ಜನವರಿ 1ರಿಂದ ಹೊಸ ಸಂಹಿತೆ ಬಂತು. ಅದರಲ್ಲಿ ‘ದುರ್ಬಳಕೆಯ ವಸ್ತುಗಳು’ ಎಂಬ ಹೊಸ ಗುಂಪು. ಕೊಕೇನ್, ಹೆರಾಯಿನ್, ಎಂಡಿಎಂಎ ಮತ್ತು ಗಾಂಜಾದ ಟಿಎಚ್‌ಸಿ, ಈ ನಾಲ್ಕನ್ನು ಅದರಲ್ಲಿ ಸೇರಿಸಿದರು. ಸಮಾಜದಲ್ಲಿ ಜನ ಆಟದ ಸಂಬಂಧವಿಲ್ಲದೆ ಬಳಸುವ ವಸ್ತುಗಳು ಇವು ಎಂದು ಒಪ್ಪಿಕೊಂಡಂತಾಯಿತು.

ಹೊಸ ನಿಯಮ ಹೀಗಿದೆ. ಸ್ಪರ್ಧೆಯ ಹೊತ್ತಿನ ಹೊರಗೆ ತೆಗೆದುಕೊಂಡದ್ದು, ಆಟದ ಸಾಮರ್ಥ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂದು ಆಟಗಾರ ತೋರಿಸಿಕೊಟ್ಟರೆ ಮೂರು ತಿಂಗಳ ನಿಷೇಧ. ಒಪ್ಪಿತ ಚಿಕಿತ್ಸಾ ಕಾರ್ಯಕ್ರಮವನ್ನು ತೃಪ್ತಿಕರವಾಗಿ ಮುಗಿಸಿದರೆ ಒಂದು ತಿಂಗಳು. ಸ್ಪರ್ಧೆಯ ಹೊತ್ತಿನಲ್ಲೇ ತೆಗೆದುಕೊಂಡಿದ್ದರೆ ಈ ರಿಯಾಯಿತಿ ಇಲ್ಲ. ಇನ್ನೊಂದು ಮಾತು, ನಿಷಿದ್ಧ ವಸ್ತುವನ್ನು ಇತರರಿಗೆ ಮಾರುವವನಿಗೆ, ಸಾಗಿಸುವವನಿಗೆ ಕನಿಷ್ಠ ನಾಲ್ಕು ವರ್ಷದಿಂದ ಆಜೀವ ನಿಷೇಧದವರೆಗೆ ಶಿಕ್ಷೆ ಹಾಗೇ ಉಳಿದಿದೆ.

ರಬಾಡ ಅವರ ಒಂದು ತಿಂಗಳು ಎಲ್ಲಿಂದ ಬಂತೆಂದು ಈಗ ಗೊತ್ತಾಯಿತಲ್ಲ? ಅದು ದೊಡ್ಡ ಹೆಸರಿಗೆ ಕೊಟ್ಟ ರಿಯಾಯಿತಿ ಆಗಿರಲಿಲ್ಲ. ನ್ಯೂಜಿಲೆಂಡಿನ ಬೌಲರ್ ಡಗ್ ಬ್ರೇಸ್‌ವೆಲ್‌ಗೂ 2024ರಲ್ಲಿ ಕೊಕೇನ್ ಪ್ರಕರಣದಲ್ಲಿ ಇದೇ ನಿಯಮದಂತೆ ಮೂರು ತಿಂಗಳು, ಚಿಕಿತ್ಸೆಯ ಬಳಿಕ ಒಂದು ತಿಂಗಳು ಆಗಿತ್ತು.

ಆದರೆ ಒಂದು ತಿಂಗಳು ಎಲ್ಲರಿಗೂ ಒಂದೇ ತಿಂಗಳಲ್ಲ. 2021ರ ಜೂನಿನಲ್ಲಿ ಅಮೆರಿಕದ ಓಟಗಾರ್ತಿ ಶಕ್ಯಾರಿ ರಿಚರ್ಡ್‌ಸನ್ ಒರೆಗಾನಿನಲ್ಲಿ ನಡೆದ ಒಲಿಂಪಿಕ್ ಆಯ್ಕೆ ಸ್ಪರ್ಧೆಯ 100 ಮೀಟರ್ ಓಟವನ್ನು 10.86 ಸೆಕೆಂಡಿನಲ್ಲಿ ಗೆದ್ದರು. 21 ವರ್ಷ ವಯಸ್ಸು. ಹೆತ್ತ ತಾಯಿ ತೀರಿಕೊಂಡ ಸುದ್ದಿಯನ್ನು ಆ ದಿನಗಳಲ್ಲೇ ಪತ್ರಕರ್ತರೊಬ್ಬರ ಬಾಯಿಂದ ಕೇಳಿದ್ದರು. ಆ ದುಃಖದಲ್ಲಿ ಗಾಂಜಾ ತೆಗೆದುಕೊಂಡೆ ಎಂದು ಟಿವಿಯ ಮುಂದೆ ನೇರವಾಗಿ ಒಪ್ಪಿಕೊಂಡರು. ಒರೆಗಾನಿನಲ್ಲಿ ವಯಸ್ಕರಿಗೆ ಗಾಂಜಾ ಅಪರಾಧವೇ ಅಲ್ಲ. ಆದರೂ ನಿಯಮ ನಿಯಮವೇ. ಜೂನ್ 28ರಿಂದ ಒಂದು ತಿಂಗಳು ನಿಷೇಧ, ಗೆದ್ದ ಓಟದ ಫಲಿತಾಂಶ ರದ್ದು. ಟೋಕಿಯೊದಲ್ಲಿ 100 ಮೀಟರ್ ಸ್ಪರ್ಧೆ ಶುರುವಾಗುವ ಮೊದಲೇ ಆ ತಿಂಗಳು ಮುಗಿದಿತ್ತು, ಆದರೆ ಆಯ್ಕೆಯೇ ರದ್ದಾಗಿತ್ತಲ್ಲ! ರಿಲೇ ತಂಡಕ್ಕೂ ಕರೆ ಬರಲಿಲ್ಲ. ಒಂದು ತಿಂಗಳ ಶಿಕ್ಷೆ ಅವರ ಒಂದು ಒಲಿಂಪಿಕ್ಸನ್ನೇ ನುಂಗಿತು.

ಜನರ ಒತ್ತಾಯದ ಮೇಲೆ ವಾಡಾ ಗಾಂಜಾವನ್ನು ಪಟ್ಟಿಯಿಂದ ತೆಗೆಯಬೇಕೇ ಎಂದು ಪರಿಶೀಲಿಸಿತು. 2022ರ ಸೆಪ್ಟೆಂಬರಿನಲ್ಲಿ ಪಟ್ಟಿಯಲ್ಲೇ ಇರಲಿ ಎಂದು ತೀರ್ಮಾನಿಸಿತು. ಆರೋಗ್ಯ ಮತ್ತು ಕ್ರೀಡೆಯ ಆಶಯ ಎಂಬ ಆ ಎರಡು ಅಳತೆಗಳೇ ಕಾರಣ. ಈ ಚರ್ಚೆ ಇನ್ನೂ ಮುಗಿದಿಲ್ಲ.

ರಿಚರ್ಡ್‌ಸನ್ ಮಾತ್ರ ಮುಗಿದುಹೋಗಲಿಲ್ಲ. 2023ರಲ್ಲಿ ಬುಡಾಪೆಸ್ಟ್‌ನಲ್ಲಿ 10.65 ಸೆಕೆಂಡಿನಲ್ಲಿ ಓಡಿ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರಿನಲ್ಲಿ ಬೆಳ್ಳಿ, ರಿಲೇಯಲ್ಲಿ ಚಿನ್ನ ಗೆದ್ದರು.

ನಮ್ಮ ಅಂಗಳಕ್ಕೆ

ಈ ಚರಿತ್ರೆಯಿಂದ ನಾನು ಕಲಿತದ್ದು ಒಂದೇ ಮಾತು. ‘ಇವನು ಇನ್ನೊಬ್ಬರಿಗೆ ಮೋಸ ಮಾಡಿದನೇ?’ ಎಂಬುದು ಒಂದು ಪ್ರಶ್ನೆ. ‘ಇವನು ತನ್ನನ್ನೇ ಹಾಳು ಮಾಡಿಕೊಳ್ಳುತ್ತಿದ್ದಾನೆಯೇ?’ ಎಂಬುದು ಇನ್ನೊಂದು. ಹಳೆಯ ನಿಯಮ ಎರಡಕ್ಕೂ ಒಂದೇ ಬೆತ್ತ ಹಿಡಿದಿತ್ತು. ಮೊದಲನೆಯದಕ್ಕೆ ದೂರ ಇಡುವುದು ಸರಿಯಾದ ಉತ್ತರ. ಎರಡನೆಯದಕ್ಕೆ ದೂರ ಇಟ್ಟಷ್ಟೂ ಹಾಳು ಹೆಚ್ಚುತ್ತದೆ. ಇದನ್ನು ಕಲಿಯಲು ಕ್ರೀಡಾಲೋಕಕ್ಕೆ ಮರಡೋನಾರಿಂದ ಲೆಕ್ಕ ಹಾಕಿದರೆ 30 ವರ್ಷ ಹಿಡಿಯಿತು.

ಒಂದು ತಿಂಗಳು ಎಂದರೆ ನಶೆ ಸಣ್ಣ ವಿಷಯ ಎಂದು ಮಕ್ಕಳು ತಿಳಿಯುವುದಿಲ್ಲವೇ ಎಂದು ನಮ್ಮಲ್ಲಿ ಕೆಲವು ತಂದೆತಾಯಿಗಳು ಕೇಳಿದ್ದಾರೆ. ನ್ಯಾಯವಾದ ಭಯ. ಗಡಿಯ ಈಚೆ ನಮ್ಮ ಕಾಸರಗೋಡಿನಲ್ಲಿ ಎಂಡಿಎಂಎ ಎಂಬ ಹೆಸರು ಪೇಪರಿನಲ್ಲಿ ಕಾಣದ ವಾರ ಇಲ್ಲ. ಆದ್ದರಿಂದ ಒಂದು ಮಾತು ಸ್ಪಷ್ಟ ಇರಲಿ. ಕ್ರೀಡೆಯ ನಿಯಮ ಬೇರೆ, ದೇಶದ ಕಾನೂನು ಬೇರೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ, ಗಾಂಜಾ ಇಟ್ಟುಕೊಳ್ಳುವುದೂ ಸೇದುವುದೂ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಮು, ಚಟಕ್ಕೆ ಬಿದ್ದವನು ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿಗೊಳಿಸಿದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಕಠಿಣ ಎನಿಸಿಕೊಂಡ ಕಾನೂನಿನಲ್ಲೂ ಮರಳಿ ಬರಲು ಒಂದು ಬಾಗಿಲು ಇಟ್ಟಿದ್ದಾರೆ.

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಸಮಿತಿ ಮತ್ತೆ ಕೂತಾಗ ನಾನು ಇಷ್ಟನ್ನೂ ಹೇಳಲಿಲ್ಲ. ಮರಡೋನಾ ಮತ್ತು ರಿಚರ್ಡ್‌ಸನ್ ಇಬ್ಬರ ಕಥೆ ಮಾತ್ರ ಹೇಳಿದೆ. ಮೊದಲು ಗ್ರೌಂಡಿಗೆ ಬಿಡಬಾರದು ಎಂದಿದ್ದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನು ಯಾರಿಗಾದರೂ ಮಾರಿದ್ದಾನಾ?’ ಎಂದು ಕೇಳಿದರು. ಇಲ್ಲ ಎಂದು ಗೊತ್ತಾಗಿತ್ತು. ‘ಹಾಗಾದರೆ ಆಡುವುದು ಬೇಡ, ಆದರೆ ಬರಲಿ’ ಎಂದರು.

ಹಾಗೇ ತೀರ್ಮಾನವಾಯಿತು. ಈ ಪಂದ್ಯಾಟದ ಉಳಿದ ಪಂದ್ಯಗಳಲ್ಲಿ ಅವನಿಗೆ ಆಟ ಇಲ್ಲ. ಆಪ್ತಸಮಾಲೋಚನೆಗೆ ಹೋಗಬೇಕು, ಅವನ ತಾಯಿಯ ಜೊತೆ ನಮ್ಮಲ್ಲೊಬ್ಬರು ಹೋಗಬೇಕು. ಭಾನುವಾರ ಮೈದಾನಕ್ಕೆ ಬಂದು ಸ್ಕೋರು ಬರೆಯಬೇಕು. ಮೊದಲ ಭಾನುವಾರ ಅವನು ಬರಲಿಲ್ಲ. ಎರಡನೆಯ ಭಾನುವಾರ ತಡವಾಗಿ ಬಂದು, ಯಾರ ಮುಖವನ್ನೂ ನೋಡದೆ ಸ್ಕೋರು ಪುಸ್ತಕ ಎತ್ತಿಕೊಂಡ. ಅವನು ಪೂರ್ತಿ ಸುಧಾರಿಸಿದ್ದಾನೆ ಎಂದು ನಾನು ಹೇಳಲಾರೆ. ಬರುತ್ತಿದ್ದಾನೆ, ಅಷ್ಟೇ.

ನಿಮ್ಮಲ್ಲಿ ಯಾರಾದರೂ, ಅಥವಾ ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಕಷ್ಟದಲ್ಲಿದ್ದರೆ ಮುಚ್ಚಿಡಬೇಡಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಅಷ್ಟಕ್ಕೂ ಧೈರ್ಯ ಬಾರದಿದ್ದರೆ ನಮ್ಮಲ್ಲಿ ಒಬ್ಬರ ಹತ್ತಿರ ಹೇಳಿ.

ಅಂದಹಾಗೆ, ಜೂನಿನಲ್ಲಿ ಲಾರ್ಡ್ಸ್‌ನಲ್ಲಿ ನಡೆದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲಿನಲ್ಲಿ ದಕ್ಷಿಣ ಆಫ್ರಿಕಾ ಆಸ್ಟ್ರೇಲಿಯಾವನ್ನು ಸೋಲಿಸಿತಲ್ಲ, ಆ ಪಂದ್ಯದಲ್ಲಿ 9 ವಿಕೆಟ್ ಕಿತ್ತವರು ರಬಾಡ. ಅದನ್ನು ಗುಂಪಿಗೆ ಮೊದಲು ಹಾಕಿದವನು ನಮ್ಮ ಸ್ಕೋರರ್.